ಕಾಂಕ್ರೀಟ್ ಮೇಲೆ ಪಳೆಯುಳಿಕೆ ಅಚ್ಚು ಒತ್ತುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಸಿ ಕಾಂಕ್ರೀಟ್ ಮೇಲೆ ಪಳೆಯುಳಿಕೆಯ ಆಕಾರ ಮೂಡಿಸುವ ರಬ್ಬರ್ ಅಚ್ಚೇ ಪಳೆಯುಳಿಕೆ ಸ್ಟ್ಯಾಂಪ್. ಅದನ್ನು ಒತ್ತಿ ನೋಡಿದವರ ದೂರು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ನೆಲಕ್ಕೆ ಕಲ್ಲಿನ ಮೈ ಚೆನ್ನಾಗಿ ಬಂದಿದೆ, ಆದರೆ ಸುರುಳಿ ಚಿಪ್ಪಿನ ಪುರಾತನ ಕಡಲ ಜೀವಿ ಅಮೋನೈಟ್‌ನ ಸುರುಳಿ ಅರ್ಧವೇ ಮೂಡಿದೆ. ಇಲ್ಲವೇ ಸುರುಳಿ ಮೂಡಿದೆ, ಸುತ್ತಲೂ ಸಣ್ಣ ಬಿರುಕು ಬಿಟ್ಟಿದೆ. ಇಲ್ಲವೇ ಸ್ಟ್ಯಾಂಪ್ ಎತ್ತುವಾಗ ಅದರ ಜೊತೆಗೇ ಸಿಮೆಂಟ್ ಕಿತ್ತು ಬಂದಿದೆ. ಸ್ಟ್ಯಾಂಪೇ ಸರಿಯಿಲ್ಲ ಅಂದುಕೊಂಡು ಇನ್ನೊಂದು ತರುತ್ತಾರೆ. ಮುಂದಿನ ಸಲವೂ ಅದೇ ಪಾಡು.

ಬಹುಪಾಲು ಸಲ ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಇಡೀ ನೆಲಕ್ಕೆ ಕಲ್ಲಿನ ಮೈ ಒತ್ತಿ ಮುಗಿಸುತ್ತಾರೆ. ಆಮೇಲೆ ಹಿಂದಕ್ಕೆ ಬಂದು ಪಳೆಯುಳಿಕೆ ಒತ್ತಲು ಹೋಗುತ್ತಾರೆ. ಕಲ್ಲಿನ ಮೈಗೆ 2-3 ಮಿ.ಮೀ. ಆಳ ಸಾಕು. ಪಳೆಯುಳಿಕೆಗೆ 6ರಿಂದ 10 ಮಿ.ಮೀ. ಬೇಕು. ಜಾಸ್ತಿ ಆಳ ಬೇಕಾದದ್ದನ್ನು ಕಾಂಕ್ರೀಟ್ ಜಾಸ್ತಿ ಗಟ್ಟಿಯಾದ ಮೇಲೆ ಒತ್ತಿದರೆ ಹೇಗೆ ಬರುತ್ತದೆ? ಒಂದು ತುಂಡು ಜಾಗಕ್ಕೆ ಮೈ ಒತ್ತಿದ ಕೂಡಲೇ ಆ ಜಾಗದ ಪಳೆಯುಳಿಕೆಯನ್ನೂ ಒತ್ತಬೇಕು. ಆಮೇಲೆ ಮುಂದಿನ ಜಾಗ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

## ಹಂತ 1: ತಗ್ಗೋ ಉಬ್ಬೋ, ಮೊದಲು ತೀರ್ಮಾನಿಸಿ

ಸ್ಟ್ಯಾಂಪ್‌ನಲ್ಲಿ ಎರಡು ಬಗೆ. ಒಂದರಲ್ಲಿ ಪಳೆಯುಳಿಕೆ ರಬ್ಬರಿನ ಮೇಲೆ ಉಬ್ಬಿರುತ್ತದೆ. ಒತ್ತಿದರೆ ಕಾಂಕ್ರೀಟ್‌ನಲ್ಲಿ ತಗ್ಗು ಬೀಳುತ್ತದೆ. ಚಿಪ್ಪು ಕರಗಿ ಹೋಗಿ ಅದರ ಗುರುತು ಮಾತ್ರ ಉಳಿದ ಹಾಗೆ ಕಾಣುತ್ತದೆ. ಇನ್ನೊಂದರಲ್ಲಿ ಪಳೆಯುಳಿಕೆಯ ಆಕಾರ ರಬ್ಬರಿನೊಳಗೆ ಗುಳಿಯಾಗಿರುತ್ತದೆ. ಒತ್ತಿದಾಗ ಸಿಮೆಂಟ್ ಆ ಗುಳಿಯೊಳಗೆ ಏರಿ ಪಳೆಯುಳಿಕೆ ಉಬ್ಬಿ ನಿಲ್ಲುತ್ತದೆ.

ಮೊದಲ ಸಲ ಮಾಡುವವರು ತಗ್ಗು ಬೀಳಿಸುವುದನ್ನೇ ಆರಿಸಿಕೊಳ್ಳಿ. ಉಬ್ಬು ಬರಿಸುವ ಸ್ಟ್ಯಾಂಪ್‌ನಲ್ಲಿ ಗಾಳಿ ಗುಳಿಯ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಜಾಗಕ್ಕೆ ಸಿಮೆಂಟ್ ಏರುವುದಿಲ್ಲ, ಸುರುಳಿಯ ನೆತ್ತಿಯೇ ಬೋಳಾಗುತ್ತದೆ. ಜೊತೆಗೆ, ಜನ ಓಡಾಡುವ ನೆಲದಲ್ಲಿ ಉಬ್ಬು ಕಾಲಿಗೆ ಎಡವುತ್ತದೆ, ಬೇಗ ಸವೆಯುತ್ತದೆ. ಗೋಡೆಗೆ, ಕಟ್ಟೆಯ ಬದಿಗೆ ಉಬ್ಬು ಚೆನ್ನ. ನೆಲಕ್ಕೆ ತಗ್ಗೇ ಸರಿ ಅನ್ನುವುದು ನನ್ನ ಅಭಿಪ್ರಾಯ.

## ಹಂತ 2: ಸ್ಟ್ಯಾಂಪ್ ಪರೀಕ್ಷಿಸಿ, ಅಥವಾ ನೀವೇ ಮಾಡಿಕೊಳ್ಳಿ

ಕೊಳ್ಳುವ ಸ್ಟ್ಯಾಂಪ್‌ಗಳು ಸಾಮಾನ್ಯವಾಗಿ ಪಾಲಿಯುರೆಥೇನ್ ರಬ್ಬರಿನವು. ಕೈಯಲ್ಲಿ ಹಿಡಿದು ಮೂರು ವಿಷಯ ನೋಡಿ. ಮೊದಲನೆಯದು ಅಂಚು. ಅಂಚು ದಪ್ಪಗೆ, ನೇರವಾಗಿ ಕತ್ತರಿಸಿದಂತೆ ಇದ್ದರೆ ಪಳೆಯುಳಿಕೆಯ ಸುತ್ತ ಚೌಕವೋ ವೃತ್ತವೋ ಮೂಡುತ್ತದೆ. ತೆಳ್ಳಗೆ ಇಳಿಜಾರಾಗಿ ಮುಗಿಯುವ ಅಂಚು ಬೇಕು. ಎರಡನೆಯದು ಗೆರೆಗಳ ಅಗಲ. 3 ಮಿ.ಮೀ.ಗಿಂತ ಸಣ್ಣ ಗೆರೆ ಕಾಂಕ್ರೀಟ್‌ನಲ್ಲಿ ಮೂಡಿದರೂ ತೊಳೆದು, ಕಾಪಿನ ಲೇಪ ಅಂದರೆ ಸೀಲರ್ ಹಾಕುವಷ್ಟರಲ್ಲಿ ಮುಚ್ಚಿ ಹೋಗುತ್ತದೆ. ಮೂರನೆಯದು ಬದಿಗಳ ಇಳಿಜಾರು. ಪಳೆಯುಳಿಕೆಯ ಬುಡ ಅಗಲ, ತುದಿ ಕಿರಿದು ಇರಬೇಕು. ಒಳಮುಖವಾಗಿ ಕೊರೆದಂಥ ಬದಿ ಇದ್ದರೆ ಎತ್ತುವಾಗ ಕಾಂಕ್ರೀಟನ್ನು ಕೊಕ್ಕೆಯಂತೆ ಕಿತ್ತುಕೊಂಡು ಬರುತ್ತದೆ.

ನೀವೇ ಮಾಡುವುದಾದರೆ ಹೆಚ್ಚಿನವರು ಎಡವುವ ಜಾಗ ಒಂದಿದೆ. ಉಬ್ಬಿದ ಮಾದರಿಯ ಮೇಲೆ ರಬ್ಬರ್ ಹೊಯ್ದರೆ ಸಿಗುವುದು ಗುಳಿ ಇರುವ ಸ್ಟ್ಯಾಂಪ್. ಅದು ಕಾಂಕ್ರೀಟ್‌ನಲ್ಲಿ ಉಬ್ಬು ಕೊಡುತ್ತದೆ. ನಿಮಗೆ ಬೇಕಾದದ್ದು ತಗ್ಗು ಆದರೆ, ಮಾದರಿಯೇ ತಗ್ಗಾಗಿರಬೇಕು. ಸುಲಭದ ದಾರಿ ಇದು: ಸಮತಟ್ಟಾದ ಜೇಡಿಮಣ್ಣಿನ ಹಾಸಿನಲ್ಲಿ ಪಳೆಯುಳಿಕೆಯ ನಕಲನ್ನು ಒತ್ತಿ ತೆಗೆಯಿರಿ. ಆ ಗುಳಿಗೆ ರಬ್ಬರ್ ಹೊಯ್ಯಿರಿ. ಈಗ ಉಬ್ಬಿದ ಸ್ಟ್ಯಾಂಪ್ ಸಿಗುತ್ತದೆ.

ಹೊಯ್ಯುವ ಕ್ರಮ ಹೀಗೆ. ಮಾದರಿಯ ಸುತ್ತ ಹಲಗೆಯ ಚೌಕಟ್ಟು ಕಟ್ಟಿ, ಸಂದುಗಳನ್ನು ಮಣ್ಣಿನಿಂದ ಮುಚ್ಚಿ. ಮಾದರಿಗೆ ರಬ್ಬರ್ ಅಂಟದಂತೆ ತಡೆಯುವ ಮೋಲ್ಡ್ ರಿಲೀಸ್ ಹಚ್ಚಿ. ರಬ್ಬರಿನ ಎರಡು ಭಾಗಗಳನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲೇ, ತೂಕ ಮಾಡಿ ಬೆರೆಸಿ. ಅಂದಾಜು ನಡೆಯುವುದಿಲ್ಲ. ಒಂದೇ ಮೂಲೆಯಿಂದ, ಸಣ್ಣ ಧಾರೆಯಲ್ಲಿ ಹೊಯ್ಯಿರಿ. ರಬ್ಬರ್ ತಾನಾಗಿಯೇ ಹರಿದು ಮಾದರಿಯನ್ನು ಮುಚ್ಚಲಿ, ಆಗ ಗುಳ್ಳೆ ಕಡಿಮೆ. ಪಾಲಿಯುರೆಥೇನ್‌ಗೆ ತೇವ ಆಗುವುದಿಲ್ಲ. ಒದ್ದೆ ಮಣ್ಣು, ಒದ್ದೆ ಪಾತ್ರೆ, ತೇವ ಎಳೆದುಕೊಂಡ ಮರದ ಕಡ್ಡಿ ಸೋಕಿದರೂ ಅದು ನೊರೆಯಂತೆ ಉಬ್ಬುತ್ತದೆ. ಹಾಗಾಗಿ ನೀರಿನ ಜೇಡಿಯ ಬದಲು ಎಣ್ಣೆ ಬೆರೆತ ಮಾದರಿ ಮಣ್ಣು ಬಳಸಿ. ಸಿಲಿಕೋನ್ ಬಳಸುವವರಿಗೆ ಬೇರೆ ಎಚ್ಚರಿಕೆ: ಗಂಧಕ ಇರುವ ಮಣ್ಣಿನ ಮೇಲೆ ಪ್ಲಾಟಿನಮ್ ಬಗೆಯ ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ.

ಬಿಡಿಸಲು ಎಷ್ಟು ಹೊತ್ತು ಅಂತ ಡಬ್ಬದ ಮೇಲೆ ಇರುತ್ತದೆ. ಬಿಡಿಸಿದ ತಕ್ಷಣ ಕೆಲಸಕ್ಕೆ ಇಳಿಸಬೇಡಿ, ಒಂದು ವಾರ ಸುಮ್ನೆ ಇಡಿ. ಪೂರ್ತಿ ಗಟ್ಟಿಯಾಗದ ರಬ್ಬರ್ ಕಾಲಿನ ಭಾರಕ್ಕೆ ಚಪ್ಪಟೆಯಾಗುತ್ತದೆ.

ನಿಜವಾದ ಪಳೆಯುಳಿಕೆಯ ಮೇಲೆ ನೇರವಾಗಿ ರಬ್ಬರ್ ಹೊಯ್ಯಬೇಡಿ. ಅದರ ಸೂಕ್ಷ್ಮ ರಂಧ್ರಗಳಿಗೆ ರಬ್ಬರ್ ಇಳಿದು ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಚೂರು ಏಳುತ್ತದೆ. ಕೋಟ್ಯಂತರ ವರ್ಷ ಉಳಿದು ಬಂದದ್ದನ್ನು ಒಂದು ನೆಲಕ್ಕಾಗಿ ಕೆಡಿಸುವುದು ಬೇಡ. ನಕಲು ಸಾಕು.

## ಹಂತ 3: ಸಾಮಾನು ಹೊಂದಿಸಿ, ಕೈಗೆಟುಕುವಲ್ಲಿ ಇಡಿ

ಕಾಂಕ್ರೀಟ್ ಬಿದ್ದ ಮೇಲೆ ಸಾಮಾನು ಹುಡುಕಲು ಹೊತ್ತಿರುವುದಿಲ್ಲ. ಇವು ಬೇಕೇ ಬೇಕು: ಪಳೆಯುಳಿಕೆ ಸ್ಟ್ಯಾಂಪ್‌ಗಳು, ಕಲ್ಲಿನ ಮೈ ಕೊಡುವ ತೆಳು ರಬ್ಬರ್ ಹಾಳೆ ಅಂದರೆ ಟೆಕ್ಸ್ಚರ್ ಸ್ಕಿನ್, ಅದರದ್ದೇ ಅಂಗೈ ಅಗಲದ ಒಂದು ತುಂಡು, ಮೇಲ್ಮೈ ಸಮ ಮಾಡುವ ಮೆಗ್ನೀಸಿಯಂ ಫ್ಲೋಟ್, ಕರಣೆ, ಅಂಚು ತಿದ್ದುವ ಎಡ್ಜರ್, ಸ್ಟ್ಯಾಂಪ್ ಮೇಲೆ ಪೆಟ್ಟು ಕೊಡುವ ಟ್ಯಾಂಪರ್, ಸ್ಟ್ಯಾಂಪ್ ಅಂಟದಂತೆ ತಡೆಯುವ ಲಿಕ್ವಿಡ್ ರಿಲೀಸ್ ತುಂಬಿದ ಪಂಪ್ ಸ್ಪ್ರೇ, ಒಣ ಬ್ರಷ್ ಎರಡು, ಮಂಡಿಯೂರಲು ಎರಡು ಹಲಗೆ, ನೆರಳಿಗೆ ಟಾರ್ಪಾಲು.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಮುಚ್ಚಳ ಇರುವ ಒಂದು ಬಕೆಟ್. ಅದೇ ಮಿಶ್ರಣದ ಸ್ವಲ್ಪ ಕಾಂಕ್ರೀಟನ್ನು ಜಲ್ಲಿ ಬರದ ಹಾಗೆ ಜರಡಿ ಹಿಡಿದು ಅದರಲ್ಲಿ ಇಡಿ. ಅಚ್ಚು ಕಿತ್ತು ಬಂದಾಗ ತುಂಬಲು ಅದೇ ಬಣ್ಣದ ಗಾರೆ ಬೇಕಾಗುತ್ತದೆ.

ಮೈ ರಕ್ಷಣೆಯಲ್ಲಿ ಸಡಿಲ ಬೇಡ. ಹಸಿ ಸಿಮೆಂಟ್‌ನ ಪಿಎಚ್ 12ಕ್ಕಿಂತ ಮೇಲೆ ಇರುತ್ತದೆ. ಮೊದಲಿಗೆ ಏನೂ ಗೊತ್ತಾಗುವುದಿಲ್ಲ, ಗಂಟೆಗಳಾದ ಮೇಲೆ ಚರ್ಮ ಸುಟ್ಟಿರುವುದು ತಿಳಿಯುತ್ತದೆ. ನೀರು ಹೀರದ ಗ್ಲೌಸ್, ಮಂಡಿಗೆ ಪ್ಯಾಡ್, ಗಮ್ ಬೂಟು, ಕನ್ನಡಕ ಹಾಕಿ. ಬಣ್ಣದ ಪುಡಿ, ರಿಲೀಸ್ ಪೌಡರ್ ಎರಚುವಾಗ ಮಾಸ್ಕ್ ಕಡ್ಡಾಯ. ಬಟ್ಟೆ ಒದ್ದೆಯಾದರೆ ಕೆಲಸ ನಿಲ್ಲಿಸಿ ಬದಲಿಸಿ.

## ಹಂತ 4: ಎಲ್ಲಿ ಯಾವುದು ಅಂತ ಹಾಳೆಯಲ್ಲಿ ಬರೆದುಕೊಳ್ಳಿ

ಕಾಂಕ್ರೀಟ್ ಮುಂದೆ ನಿಂತು "ಇಲ್ಲೊಂದು ಇರಲಿ" ಅನ್ನುತ್ತಾ ಹೋದರೆ ಎರಡು ತಪ್ಪು ಖಂಡಿತ. ಪಳೆಯುಳಿಕೆಗಳು ಟೈಲ್ಸ್ ಥರ ಸಮದೂರದಲ್ಲಿ ಕೂರುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ನೋಡುತ್ತವೆ. ನೋಡಿದ ಕೂಡಲೇ ಸ್ಟ್ಯಾಂಪ್ ಅಂತ ಗೊತ್ತಾಗಿಬಿಡುತ್ತದೆ.

ನಿಜವಾದ ಬಂಡೆಯಲ್ಲಿ ಚಿಪ್ಪುಗಳು ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಖಾಲಿಯಾಗಿ ಇರುತ್ತವೆ. ದುಂಡನೆಯ ಅಮೋನೈಟ್ ಹೇಗೆ ತಿರುಗಿದ್ದರೂ ನಡೆಯುತ್ತದೆ. ಉದ್ದನೆಯ, ಬಂದೂಕಿನ ಗುಂಡಿನಾಕಾರದ ಬೆಲೆಮ್ನೈಟ್‌ಗಳು ಮಾತ್ರ ನೀರಿನ ಸೆಳೆತಕ್ಕೆ ಸಿಕ್ಕಿ ಹೆಚ್ಚು ಕಡಿಮೆ ಒಂದೇ ಸಾಲಿಗೆ ವಾಲಿರುವುದು ಉಂಟು. ಇದನ್ನು ಅನುಸರಿಸಿದರೆ ನೆಲಕ್ಕೆ ಜೀವ ಬರುತ್ತದೆ. ಒಂದೆರಡನ್ನು ನೆಲದ ಅಂಚಿಗೆ ಅರ್ಧ ಕತ್ತರಿಸಿದಂತೆ ಒತ್ತಿ, ಬಂಡೆಯ ಪದರ ಅಲ್ಲಿಗೆ ಮುರಿದಿದೆ ಅನ್ನಿಸಬೇಕು.

ಜೊತೆಗೂಡಿಸುವಾಗಲೂ ಯೋಚಿಸಿ. ಟ್ರೈಲೋಬೈಟ್‌ಗಳು ಅನ್ನುವ ಕವಚದ ಕಡಲ ಜೀವಿಗಳು ಸುಮಾರು 25 ಕೋಟಿ ವರ್ಷಗಳ ಹಿಂದೆಯೇ ಅಳಿದವು. ಡೈನೋಸಾರ್‌ಗಳು ಬಂದದ್ದು ಆಮೇಲೆ. ಎರಡನ್ನೂ ಒಂದೇ ಹಾಸಿನಲ್ಲಿ ಒತ್ತಿದರೆ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ. ಡೈನೋಸಾರ್ ಹೆಜ್ಜೆಗೆ ಜರೀಗಿಡದ ಎಲೆ ಹೊಂದುತ್ತದೆ. ಅಮೋನೈಟ್‌ಗೆ ಮೀನು, ಚಿಪ್ಪು, ಬೆಲೆಮ್ನೈಟ್ ಹೊಂದುತ್ತವೆ.

ಹಾಳೆಯಲ್ಲಿ ಕಂಟ್ರೋಲ್ ಜಾಯಿಂಟ್‌ನ ಗೆರೆಗಳನ್ನೂ ಈಗಲೇ ಎಳೆಯಿರಿ. ಕಾಂಕ್ರೀಟ್ ಕಂಡಕಂಡಲ್ಲಿ ಬಿರಿಯದಂತೆ ಆಮೇಲೆ ಗರಗಸದಿಂದ ಕೊಯ್ಯುವ ಸೀಳುಗಳಿವು. ಹಾಸು 100 ಮಿ.ಮೀ. ದಪ್ಪ ಇದ್ದರೆ 2.4ರಿಂದ 3 ಮೀಟರ್‌ಗೆ ಒಂದು ಜಾಯಿಂಟ್ ಬೇಕು. ಆ ಗೆರೆಯ ಎರಡೂ ಬದಿಗೆ ಒಂದೊಂದು ಗೇಣು ಜಾಗದಲ್ಲಿ ಪಳೆಯುಳಿಕೆ ಬೇಡ. ಚೆನ್ನಾಗಿ ಮೂಡಿದ ಮೀನಿನ ನಡುವೆ ಗರಗಸ ಹಾಯಿಸಬೇಕಾದಾಗ ಆಗುವ ಸಂಕಟ ನಾನು ಅನುಭವಿಸಿದ್ದೇನೆ.

## ಹಂತ 5: ಅಭ್ಯಾಸದ ತಟ್ಟೆ

60 ಸೆಂ.ಮೀ. ಚೌಕದ, 5 ಸೆಂ.ಮೀ. ಆಳದ ಹಲಗೆಯ ತಟ್ಟೆ ಮಾಡಿ. ನೆಲಕ್ಕೆ ಹಾಕುವ ಮಿಶ್ರಣವನ್ನೇ ಸುರಿಯಿರಿ. 15 ನಿಮಿಷಕ್ಕೊಮ್ಮೆ ಬೇರೆ ಬೇರೆ ಜಾಗದಲ್ಲಿ ಅದೇ ಸ್ಟ್ಯಾಂಪ್ ಒತ್ತಿ, ಪಕ್ಕದಲ್ಲಿ ಹೊತ್ತು ಬರೆದಿಡಿ. ಮೊದಲನೆಯದು ಕೆಸರಿನಂತೆ ಕುಸಿಯುತ್ತದೆ, ಕೊನೆಯದು ಮೂಡುವುದೇ ಇಲ್ಲ. ನಡುವಿನ ಯಾವುದೋ ಒಂದರಲ್ಲಿ ಗೆರೆಗಳು ಚಾಕುವಿನಿಂದ ಕೊರೆದ ಹಾಗೆ ಬರುತ್ತವೆ. ಆ ಹೊತ್ತಿಗೆ ಕಾಂಕ್ರೀಟನ್ನು ಬೆರಳಿನಿಂದ ಒತ್ತಿ, ಅದರ ಹದವನ್ನು ಕೈಗೆ ನೆನಪಿಸಿಕೊಳ್ಳಿ. ಗಡಿಯಾರಕ್ಕಿಂತ ಈ ನೆನಪು ಮುಖ್ಯ, ಏಕೆಂದರೆ ನೆಲ ಹಾಕುವ ದಿನದ ಬಿಸಿಲು ಬೇರೆ ಇರುತ್ತದೆ.

ಈ ಹಂತವನ್ನು ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

## ಹಂತ 6: ಮಿಶ್ರಣ ಮತ್ತು ಹಾಸು

ಜಲ್ಲಿ 10 ಮಿ.ಮೀ.ಗಿಂತ ದಪ್ಪ ಬೇಡ. 20 ಮಿ.ಮೀ. ಜಲ್ಲಿ ಹಾಕಿದರೆ ಸ್ಟ್ಯಾಂಪ್‌ನ ಉಬ್ಬು ಜಲ್ಲಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ನೀವು ಎಷ್ಟು ತುಳಿದರೂ ಇಳಿಯುವುದಿಲ್ಲ. ನೀರು ಸಿಮೆಂಟ್‌ನ ತೂಕದ ಅರ್ಧಕ್ಕಿಂತ ಕಡಿಮೆ ಇರಲಿ, ಸ್ಲಂಪ್, ಅಂದರೆ ಶಂಕುವಿನಾಕಾರದ ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಕುಸಿಯುವ ಅಳತೆ, 100 ಮಿ.ಮೀ. ಆಸುಪಾಸು. ಮಿಶ್ರಣ ಸಡಿಲ ಬೇಕೆನಿಸಿದರೆ ನೀರಿನ ಬದಲು ಪ್ಲಾಸ್ಟಿಸೈಜರ್ ಬಳಸಿ. ಕಾಂಕ್ರೀಟ್ ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕಬೇಡಿ. ಬಣ್ಣ ತೇಪೆ ತೇಪೆಯಾಗುತ್ತದೆ, ಕಂಬಿಗೂ ತುಕ್ಕು ಹಿಡಿಯುತ್ತದೆ.

ಸುರಿದು, ಪಟ್ಟಿ ಎಳೆದು ಮಟ್ಟ ಮಾಡಿ, ಒಮ್ಮೆ ಫ್ಲೋಟ್ ಆಡಿಸಿ, ಅಂಚು ತಿದ್ದಿ. ಜಲ್ಲಿ ಮೇಲೆ ಕಾಣಿಸಿದರೆ ಫ್ಲೋಟ್‌ನಿಂದಲೇ ಕೆಳಕ್ಕೆ ತಳ್ಳಿ. ಇಲ್ಲಿಂದ ಕಾಯುವ ಕೆಲಸ. ಕಾಂಕ್ರೀಟ್ ಮೇಲಕ್ಕೆ ನೀರು ಬಿಡುತ್ತದೆ. ಆ ಹೊಳಪು ಪೂರ್ತಿ ಆರುವವರೆಗೆ ಮುಟ್ಟಬಾರದು. ನೀರನ್ನು ಒಳಕ್ಕೆ ತಿಕ್ಕಿದರೆ ಮೇಲಿನ ಪದರ ದುರ್ಬಲವಾಗಿ, ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಏಳುತ್ತದೆ.

ಮೊದಲ ಸಲಕ್ಕೆ 5-6 ಚದರ ಮೀಟರ್‌ಗಿಂತ ಜಾಸ್ತಿ ಸುರಿಯಬೇಡಿ, ಇಬ್ಬರಿದ್ದರೂ ಅಷ್ಟೇ.

## ಹಂತ 7: ಬಣ್ಣ ಮತ್ತು ರಿಲೀಸ್

ಬಣ್ಣವನ್ನು ಮಿಶ್ರಣಕ್ಕೇ ಸೇರಿಸಬಹುದು, ಇಲ್ಲವೇ ಕಲರ್ ಹಾರ್ಡ್‌ನರ್ ಪುಡಿಯನ್ನು ಮೇಲೆ ಎರಚಬಹುದು. ಪಳೆಯುಳಿಕೆಗೆ ನಾನು ಪುಡಿಯನ್ನೇ ಆರಿಸುತ್ತೇನೆ. ಅದರಲ್ಲಿ ಸಿಮೆಂಟ್ ಮತ್ತು ನುಣ್ಣನೆಯ ಮರಳು ಇರುವುದರಿಂದ ಮೇಲೆ ಗಟ್ಟಿ ಗಾರೆಯ ಪದರ ಸಿಗುತ್ತದೆ. ಸಣ್ಣ ಗೆರೆಗಳು ಮೂಡುವುದು ಆ ಪದರದಲ್ಲೇ. ಚದರ ಮೀಟರ್‌ಗೆ ಸುಮಾರು 3 ಕೆ.ಜಿ. ಮೂರರಲ್ಲಿ ಎರಡು ಪಾಲು ಮೊದಲ ಸುತ್ತು. ಅದು ಕೆಳಗಿನಿಂದ ತೇವ ಹೀರಿ ಕಪ್ಪಾದ ಮೇಲೆ ಫ್ಲೋಟ್ ಆಡಿಸಿ. ಉಳಿದದ್ದು ಎರಡನೇ ಸುತ್ತು. ಪುಡಿ ತಾನಾಗಿ ಒದ್ದೆಯಾಗದಿದ್ದರೆ ನೀರು ಚಿಮುಕಿಸಬೇಡಿ. ನೀವು ತಡ ಮಾಡಿದ್ದೀರಿ ಅಂತ ಅದರ ಅರ್ಥ, ಎರಡನೇ ಸುತ್ತನ್ನು ಕೈಬಿಡಿ.

ರಿಲೀಸ್ ಇರುವುದು ಸ್ಟ್ಯಾಂಪ್ ಅಂಟದಂತೆ ತಡೆಯಲು. ಪೌಡರ್ ತಗ್ಗಿನಲ್ಲಿ ಉಳಿದು ಹಳೆಯ ಕಲ್ಲಿನ ನೆರಳು ಕೊಡುತ್ತದೆ. ಆದರೆ ಅದು ಸ್ಟ್ಯಾಂಪ್‌ನ ಸಣ್ಣ ಗೆರೆಗಳಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ಕಲ್ಲಿನ ಮೈಗೆ ಪೌಡರ್, ಪಳೆಯುಳಿಕೆಗೆ ಲಿಕ್ವಿಡ್ ಅನ್ನುವ ಏರ್ಪಾಡು ನನಗೆ ಹಿಡಿಸಿದೆ. ಪೌಡರನ್ನು ಅಗಲ ಬ್ರಷ್‌ನಿಂದ ತೆಳ್ಳಗೆ ಬೀಸಿ, ಕೆಳಗಿನ ಬಣ್ಣ ಮರೆಯಾದರೆ ಸಾಕು. ಲಿಕ್ವಿಡನ್ನು ಪ್ರತಿ ಸಲ ಒತ್ತುವ ಮುಂಚೆ ಸ್ಟ್ಯಾಂಪ್‌ಗೆ ಮಂಜಿನಂತೆ ಸಿಂಪಡಿಸಿ. ಹನಿ ನಿಂತರೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಆ ಹನಿಯ ಗುಳಿಯೂ ಕಾಂಕ್ರೀಟ್‌ನಲ್ಲಿ ಮೂಡುತ್ತದೆ.

## ಹಂತ 8: ಹದ ನೋಡುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಿಲೀಸ್ ಹಾಕುವ ಮುಂಚೆಯೇ ಬೆರಳಿನ ಪರೀಕ್ಷೆ ಮಾಡಿ. ಗ್ಲೌಸ್ ಹಾಕಿದ ಬೆರಳನ್ನು ಸಾಧಾರಣ ಬಲದಿಂದ ಒತ್ತಿ. 5-6 ಮಿ.ಮೀ. ಗುಳಿ ಬಿದ್ದು, ಗುಳಿಯ ಅಂಚು ನಿಂತು, ಬೆರಳಿಗೆ ಗಾರೆ ಅಂಟದಿದ್ದರೆ ಹದ ಬಂದಿದೆ. ಅಂಟಿದರೆ ಇನ್ನೂ ಕಾಯಿರಿ. 2-3 ಮಿ.ಮೀ. ಮಾತ್ರ ಇಳಿದರೆ ಕಲ್ಲಿನ ಮೈ ಬಂದೀತು, ಪಳೆಯುಳಿಕೆ ಬರುವುದಿಲ್ಲ. ಅಂದರೆ ಪಳೆಯುಳಿಕೆಯ ಹದ ಬರೀ ಮೈ ಒತ್ತುವವರ ಹದಕ್ಕಿಂತ ಸ್ವಲ್ಪ ಮುಂಚೆ ಶುರುವಾಗಿ, ಅದಕ್ಕಿಂತ ಮುಂಚೆಯೇ ಮುಗಿಯುತ್ತದೆ.

ಒಂದೇ ಜಾಗದಲ್ಲಿ ನೋಡಿ ನಿರ್ಧರಿಸಬೇಡಿ. ಮೊದಲು ಸುರಿದ ಮೂಲೆ, ಕೊನೆಗೆ ಸುರಿದ ಮೂಲೆ, ಬಿಸಿಲಿನ ಭಾಗ, ನೆರಳಿನ ಭಾಗ, ನಾಲ್ಕೂ ಬೇರೆ ಬೇರೆ ಇರುತ್ತವೆ. ನೆರಳಿನ ಭಾಗ ಹಸಿಯಾಗಿರುವಾಗಲೇ ಬಿಸಿಲಿನ ಭಾಗ ಕೈಮೀರಿರಬಹುದು. ಶುರು ಮಾಡಬೇಕಾದದ್ದು ಬೇಗ ಹದಕ್ಕೆ ಬಂದ ಜಾಗದಿಂದ, ನಿಮಗೆ ಅನುಕೂಲವಾದ ಮೂಲೆಯಿಂದ ಅಲ್ಲ.

ಹುಸಿ ಹದ ಅಂತ ಒಂದಿದೆ, ಅದರಲ್ಲೇ ತುಂಬಾ ಜನ ಮೋಸ ಹೋಗುತ್ತಾರೆ. ಗಾಳಿ, ಬಿಸಿಲು ಜೋರಾಗಿದ್ದರೆ ಮೇಲ್ಪದರ ಮಾತ್ರ ಒಣಗಿ ಚಕ್ಕೆ ಕಟ್ಟುತ್ತದೆ, ಕೆಳಗೆ ಇನ್ನೂ ಕೆಸರು. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಬೆರಳಿಗೆ ಅಂಟುವುದಿಲ್ಲ, ಹದ ಬಂತು ಅನ್ನಿಸುತ್ತದೆ. ಸ್ಟ್ಯಾಂಪ್ ಒತ್ತಿದರೆ ಆ ಚಕ್ಕೆ ಹರಿದು ಸುತ್ತಲೂ ಬಿರುಕು. ಗುರುತಿಸುವುದು ಹೇಗೆ? ಬೆರಳು ಒತ್ತಿದಾಗ ಗುಳಿಯ ಸುತ್ತ ಸಣ್ಣ ಸುಕ್ಕು ಏಳುತ್ತದೆ. ಹಲಗೆಯ ಮೇಲೆ ಭಾರ ಬಿಟ್ಟರೆ ಸುತ್ತಲಿನ ನೆಲ ಅಲುಗುತ್ತದೆ. ಹೀಗಾದರೆ ನೆರಳು ಕಟ್ಟಿ, ಗಾಳಿ ಬರುವ ಕಡೆ ಟಾರ್ಪಾಲು ನಿಲ್ಲಿಸಿ. ತೇವ ಆರದಂತೆ ತಡೆಯುವ ಇವಾಪರೇಷನ್ ರಿಟಾರ್ಡರ್ ದ್ರಾವಣ ಸಿಗುತ್ತದೆ. ಅದನ್ನು ಮಟ್ಟ ಮಾಡಿದ ಕೂಡಲೇ ಸಿಂಪಡಿಸಿದ್ದರೆ ಈ ತೊಂದರೆ ಬಹಳ ಮಟ್ಟಿಗೆ ಬರುವುದೇ ಇಲ್ಲ. 30 ಡಿಗ್ರಿ ಸೆಲ್ಸಿಯಸ್ ದಾಟುವ ದಿನ ಕೆಲಸವನ್ನು ಮುಂದೂಡಿ, ಇಲ್ಲವೇ ಬೆಳಕು ಹರಿಯುವ ಹೊತ್ತಿಗೆ ಶುರು ಮಾಡಿ.

## ಹಂತ 9: ಒತ್ತುವುದು

ಹದ ಬಂದ ಜಾಗದಲ್ಲಿ ಸುಮಾರು ಒಂದು ಚದರ ಮೀಟರ್‌ಗೆ ಟೆಕ್ಸ್ಚರ್ ಸ್ಕಿನ್ ಹಾಸಿ, ಅಂಗೈಯಿಂದಲೋ ಟ್ಯಾಂಪರ್‌ನಿಂದಲೋ ಒತ್ತಿ, ಎತ್ತಿ. ಈಗ ನಿಮ್ಮ ಹಾಳೆ ನೋಡಿ. ಆ ಚದರ ಮೀಟರ್‌ನಲ್ಲಿ ಬರಬೇಕಾದ ಪಳೆಯುಳಿಕೆಗಳನ್ನು ತಕ್ಷಣ ಒತ್ತಿ. ಮೊದಲು ಪಳೆಯುಳಿಕೆ ಒತ್ತಿ ಆಮೇಲೆ ಸ್ಕಿನ್ ಹಾಸಿದರೆ, ಸ್ಕಿನ್ ಪಳೆಯುಳಿಕೆಯನ್ನು ಜಜ್ಜಿಬಿಡುತ್ತದೆ.

ಸ್ಟ್ಯಾಂಪ್ ಇಡುವ ರೀತಿಯಿಂದಲೇ ಅರ್ಧ ಕೆಲಸ ಆಗುತ್ತದೆ. ಚಪ್ಪಟೆಯಾಗಿ ಮೇಲಿನಿಂದ ಬಿಡಬೇಡಿ, ಗಾಳಿ ಕೆಳಗೆ ಸಿಕ್ಕಿಕೊಳ್ಳುತ್ತದೆ. ಒಂದು ಅಂಚನ್ನು ತಾಗಿಸಿ, ನಿಧಾನಕ್ಕೆ ಇನ್ನೊಂದು ಅಂಚಿನ ಕಡೆಗೆ ಇಳಿಸಿ. ಒಮ್ಮೆ ತಾಗಿದ ಮೇಲೆ ಸರಿಸುವ ಹಾಗಿಲ್ಲ. ಸಣ್ಣ ಸ್ಟ್ಯಾಂಪ್‌ಗೆ ಅಂಗೈಯ ಬುಡದಿಂದ ಒತ್ತಿದರೆ ಸಾಕು. ದೊಡ್ಡದಕ್ಕೆ ಮೇಲೆ ಹತ್ತಿ, ಎರಡೂ ಕಾಲಿನ ಭಾರವನ್ನು ನಡುವಿನಿಂದ ಅಂಚಿಗೆ ಬದಲಿಸುತ್ತಾ ಹೋಗಿ. ಕುಣಿಯಬೇಡಿ, ಹಿಮ್ಮಡಿ ತಿರುಗಿಸಬೇಡಿ. ಟ್ಯಾಂಪರ್ ಬಳಸಿದರೆ ನೇರ ಕೆಳಕ್ಕೆ, ಸಣ್ಣ ಪೆಟ್ಟು. ಪೆಟ್ಟು ಕೊಟ್ಟಾಗ ಟ್ಯಾಂಪರ್ ಪುಟಿದರೆ ಕಾಂಕ್ರೀಟ್ ಗಟ್ಟಿಯಾಗುತ್ತಿದೆ ಅಂತ ಅರ್ಥ. ಸ್ಟ್ಯಾಂಪ್‌ನ ಅಂಚಿನಿಂದ ಗಾರೆ ಉಕ್ಕಿದರೆ ಇನ್ನೂ ಹಸಿ ಇದೆ ಅಂತ ಅರ್ಥ. ಎರಡರಲ್ಲಿ ಯಾವುದು ಕಂಡರೂ ನಿಲ್ಲಿಸಿ, ಜಾಗ ಬದಲಿಸಿ.

ಪೂರ್ತಿ ಮೂಡಿತೋ ಇಲ್ಲವೋ ನೋಡಲು ಸ್ಟ್ಯಾಂಪನ್ನು ಪೂರ್ತಿ ಎತ್ತಬೇಡಿ. ಒಂದು ಬದಿಯನ್ನು ಕಾಲಿನಿಂದ ಹಿಡಿದುಕೊಂಡು ಇನ್ನೊಂದು ಬದಿಯನ್ನು ಸ್ವಲ್ಪ ಎತ್ತಿ ಇಣುಕಿ. ಸಾಲದಿದ್ದರೆ ಅದೇ ಜಾಗಕ್ಕೆ ಇಳಿಸಿ ಮತ್ತೆ ಒತ್ತಬಹುದು. ಪೂರ್ತಿ ಎತ್ತಿದ ಮೇಲೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಆಗದ ಮಾತು. ಒಂದು ಮಿ.ಮೀ. ಆಚೀಚೆಯಾದರೂ ಎರಡೆರಡು ಗೆರೆ ಮೂಡುತ್ತದೆ.

ಎತ್ತುವಾಗ ಒಂದು ಮೂಲೆಯನ್ನು ಸುಲಿದಂತೆ ಬಿಡಿಸಿ, ಗಾಳಿ ಒಳಗೆ ಹೋಗಲಿ. ಆ ಬಿಗಿ ಸಡಿಲವಾದ ಮೇಲೆ ನೇರ ಮೇಲಕ್ಕೆ. ಬಿಗಿ ಬಿಡದೆ ಎಳೆದರೆ ಸಿಮೆಂಟ್ ಕಿತ್ತು ಬರುತ್ತದೆ. ಪ್ರತಿ ಸಲ ಸ್ಟ್ಯಾಂಪ್‌ನ ಮುಖ ತಿರುಗಿಸಿ ನೋಡಿ. ಗೆರೆಗಳಲ್ಲಿ ಗಾರೆ ಕೂತಿದ್ದರೆ ಒಣ ಬ್ರಷ್‌ನಿಂದ ತೆಗೆದು, ಮತ್ತೆ ಲಿಕ್ವಿಡ್ ಸಿಂಪಡಿಸಿ. ಐದಾರು ಒತ್ತಿನ ಮೇಲೆ ಅಚ್ಚು ಮಂಕಾಗುತ್ತಾ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಇದೇ.

ಒಂದು ಚದರ ಮೀಟರ್ ಮುಗಿಯಿತು. ಮುಂದಿನದಕ್ಕೆ ಹೋಗಿ. ಎರಡು ಜಾಗ ಕೂಡುವಲ್ಲಿ ಸ್ಕಿನ್ ಸ್ವಲ್ಪ ಒಂದರ ಮೇಲೊಂದು ಬರಲಿ, ಆದರೆ ಒತ್ತಿದ ಪಳೆಯುಳಿಕೆಯನ್ನು ಮುಟ್ಟದಿರಲಿ.

## ಹಂತ 10: ಅಂಚು ಮರೆಸುವುದು

ಪಳೆಯುಳಿಕೆಯ ಸುತ್ತ ಸ್ಟ್ಯಾಂಪ್‌ನ ಅಂಚಿನ ಗೆರೆ ಉಳಿದಿರುತ್ತದೆ. ಅಂಗೈ ಅಗಲದ ಸ್ಕಿನ್ ತುಂಡಿಗೆ ರಿಲೀಸ್ ಹಚ್ಚಿ, ಆ ಗೆರೆಯ ಮೇಲೆ ಮಾತ್ರ ಬೆರಳಿನಿಂದ ಒತ್ತುತ್ತಾ ಬನ್ನಿ. ಒತ್ತು ಹೊರಗಿನಿಂದ ಒಳಕ್ಕೆ ಕಡಿಮೆಯಾಗುತ್ತಾ ಬರಬೇಕು. ಸಣ್ಣ ಬಿರುಕು ಕಂಡರೆ ಅದನ್ನೂ ಹೀಗೇ ಮುಚ್ಚಿ. ಕರಣೆಯಿಂದ ತೀಡಬೇಡಿ, ಆ ಜಾಗ ನುಣುಪಾಗಿ ತೇಪೆಯಂತೆ ಹೊಳೆಯುತ್ತದೆ.

ಕಿತ್ತು ಬಂದ ಜಾಗಕ್ಕೆ ಬಕೆಟ್‌ನಲ್ಲಿಟ್ಟ ಗಾರೆಯನ್ನು ಒತ್ತಿ ತುಂಬಿ. ಮೇಲೆ ಬಣ್ಣದ ಪುಡಿ, ಲಿಕ್ವಿಡ್ ರಿಲೀಸ್. ಹತ್ತು ನಿಮಿಷ ಬಿಟ್ಟು ಕಲ್ಲಿನ ಮೈ ಒತ್ತಿ. ಪಳೆಯುಳಿಕೆಯನ್ನು ಅದೇ ಜಾಗದಲ್ಲಿ ಮತ್ತೆ ಒತ್ತಲು ಹೋಗಬೇಡಿ, ತುಂಬಿದ ಗಾರೆ ಮತ್ತೆ ಎದ್ದು ಬರುತ್ತದೆ.

## ಹಂತ 11: ಜಾಯಿಂಟ್ ಕೊಯ್ಯುವುದು

ಗರಗಸ ಹಾಯಿಸಿದಾಗ ಜಲ್ಲಿ ಕಿತ್ತು ಬರದಷ್ಟು ಗಟ್ಟಿಯಾದ ಕೂಡಲೇ ಕೊಯ್ಯಿರಿ, ಹೆಚ್ಚಾಗಿ ಅದೇ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ. ಆಳ ಹಾಸಿನ ಕಾಲು ಭಾಗ, 100 ಮಿ.ಮೀ.ಗೆ 25 ಮಿ.ಮೀ. ತಡವಾದರೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿಯುತ್ತದೆ. ಆಳವಾಗಿ ಒತ್ತಿದ ಪಳೆಯುಳಿಕೆಯಲ್ಲಿ ಹಾಸು ತೆಳುವಾಗಿರುವುದರಿಂದ ಬಿರುಕು ಅಲ್ಲೇ ಹಾಯುವ ಸಂಭವ ಜಾಸ್ತಿ.

## ಹಂತ 12: ತೊಳೆಯುವುದು ಮತ್ತು ನೆರಳು ಕೊಡುವುದು

ಕನಿಷ್ಠ 24 ಗಂಟೆ ಬಿಡಿ, ಚಳಿ ಇದ್ದರೆ ಇನ್ನೂ ಒಂದೆರಡು ದಿನ. ಮೊದಲು ಮೆತ್ತನೆ ಪೊರಕೆಯಿಂದ ಸಡಿಲ ಪೌಡರ್ ಗುಡಿಸಿ. ಆಮೇಲೆ ಪ್ರೆಷರ್ ವಾಷರ್, ಬೀಸಣಿಗೆಯಂತೆ ಅಗಲ ಚಿಮ್ಮುವ ನಾಝಲ್, ನೆಲದಿಂದ ಒಂದು ಅಡಿಗಿಂತ ದೂರ. ಹತ್ತಿರ ಹಿಡಿದರೆ ಸುರುಳಿಯ ಸಣ್ಣ ಗೆರೆಗಳೇ ಹಾರಿ ಹೋಗುತ್ತವೆ. ತಗ್ಗುಗಳಲ್ಲಿ ಸ್ವಲ್ಪ ಪೌಡರ್ ಉಳಿಯಬೇಕು, ಆ ಕಪ್ಪು ನೆರಳಿನಿಂದಲೇ ಪಳೆಯುಳಿಕೆ ಎದ್ದು ಕಾಣುವುದು. ಆದರೆ ಸಡಿಲವಾಗಿ ಅಲ್ಲ, ಕಚ್ಚಿಕೊಂಡು ಉಳಿಯಬೇಕು. ಒಣಗಿದ ಮೇಲೆ ಅಂಟು ಟೇಪ್ ಒತ್ತಿ ಕಿತ್ತು ನೋಡಿ. ಟೇಪ್‌ಗೆ ಪೌಡರ್ ಬಂದರೆ ಮತ್ತೆ ತೊಳೆಯಿರಿ. ಸಡಿಲ ಪೌಡರ್ ಮೇಲೆ ಹಾಕಿದ ಸೀಲರ್ ಸಿಪ್ಪೆಯಂತೆ ಏಳುತ್ತದೆ.

ಬೇಗ ಶುಚಿಯಾಗಲಿ ಅಂತ ಆಸಿಡ್ ಬಳಸುವವರಿದ್ದಾರೆ. ಪಳೆಯುಳಿಕೆ ಇರುವ ನೆಲಕ್ಕೆ ನಾನು ಬೇಡ ಅನ್ನುತ್ತೇನೆ. ಆಸಿಡ್ ಮೊದಲು ತಿನ್ನುವುದು ಸಣ್ಣ ಗೆರೆಗಳ ನೆತ್ತಿಯನ್ನೇ.

ನೆರಳು ಸಾಲದು ಅನ್ನಿಸಿದರೆ, ನೀರಿನಲ್ಲಿ ಕರಗಿಸಿದ ಕಡು ಬಣ್ಣವನ್ನು ಸಣ್ಣ ಬ್ರಷ್‌ನಿಂದ ಪಳೆಯುಳಿಕೆಗೆ ಮಾತ್ರ ಹಚ್ಚಿ, ಮೇಲ್ಮೈಯನ್ನು ಒದ್ದೆ ಸ್ಪಂಜಿನಿಂದ ಒರೆಸಿ. ಬಣ್ಣ ತಗ್ಗಿನಲ್ಲಿ ಉಳಿಯುತ್ತದೆ.

ಕ್ಯೂರಿಂಗ್‌ಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ. ಹಾಳೆ ತಾಗಿದ ಕಡೆ ಒಂದು ಬಣ್ಣ, ಸುಕ್ಕು ಎದ್ದ ಕಡೆ ಇನ್ನೊಂದು ಬಣ್ಣ ಉಳಿದುಬಿಡುತ್ತದೆ. ತೊಳೆದ ಮೇಲೆ, ನೀವು ಹಾಕಲಿರುವ ಸೀಲರ್‌ಗೆ ಹೊಂದುವ ಕ್ಯೂರಿಂಗ್ ದ್ರಾವಣ ಬಳಸಿ.

## ಹಂತ 13: ಸೀಲರ್

ಕಾಂಕ್ರೀಟ್‌ಗೆ ಪೂರ್ತಿ ಬಲ ಬರಲು 28 ದಿನ ಲೆಕ್ಕ. ಸೀಲರ್‌ಗೆ ಎಷ್ಟು ದಿನ ಅಂತ ಅದರ ಡಬ್ಬ ಹೇಳುತ್ತದೆ, ಆದರೆ ನೆಲ ಒಣಗಿದೆಯೇ ಅಂತ ನೀವೇ ನೋಡಬೇಕು. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ಇನ್ನೂ ಕಾಯಿರಿ. ತೇವದ ಮೇಲೆ ಹಾಕಿದ ಸೀಲರ್ ಬೆಳ್ಳಗೆ ಮಂಜಿನಂತೆ ಆಗುತ್ತದೆ.

ಎರಡು ತೆಳು ಕೋಟ್ ಹಾಕಿ. ಒಂದು ದಪ್ಪ ಕೋಟ್ ಬೇಡವೇ ಬೇಡ. ಪಳೆಯುಳಿಕೆ ನೆಲದಲ್ಲಿ ಸೀಲರ್ ತಗ್ಗಿಗೆ ಹರಿದು ಕೊಳದಂತೆ ನಿಲ್ಲುತ್ತದೆ. ಅಲ್ಲಿ ಗುಳ್ಳೆ ಏಳುತ್ತದೆ, ಬಿಳಿಯಾಗುತ್ತದೆ, ಗೆರೆಗಳು ಮುಚ್ಚಿಹೋಗುತ್ತವೆ. ಒಬ್ಬರು ರೋಲರ್ ಹಾಯಿಸಿದ ಹಿಂದೆಯೇ ಇನ್ನೊಬ್ಬರು ಒಣ ಬ್ರಷ್ ಹಿಡಿದು ಪ್ರತಿ ಪಳೆಯುಳಿಕೆಯಲ್ಲಿ ನಿಂತದ್ದನ್ನು ಹೊರಕ್ಕೆ ಸೆಳೆಯಬೇಕು. ಸುಡು ಬಿಸಿಲಿನಲ್ಲಿ ಹಾಕಬೇಡಿ, ಮೇಲ್ಪದರ ಬೇಗ ಒಣಗಿ ಕೆಳಗಿನ ಆವಿ ಗುಳ್ಳೆಯಾಗುತ್ತದೆ. ಮಳೆ ಬೀಳುವ ಜಾಗವಾದರೆ ಎರಡನೇ ಕೋಟ್‌ಗೆ ಜಾರದಂತೆ ತಡೆಯುವ ಪುಡಿ ಬೆರೆಸಿ. ಸಾಲ್ವೆಂಟ್ ಬಗೆಯ ಸೀಲರ್‌ನ ಹತ್ತಿರ ಬೆಂಕಿ, ಬೀಡಿ, ಕಿಡಿ ಯಾವುದೂ ಇರಬಾರದು. ಕಿಟಕಿ ಬಾಗಿಲು ತೆರೆದಿರಲಿ.

ಎರಡು ಮೂರು ವರ್ಷಕ್ಕೊಮ್ಮೆ ನೆಲದ ಮೇಲೆ ನೀರು ಚಿಮುಕಿಸಿ ನೋಡಿ. ಹನಿಗಳು ಮುತ್ತಿನಂತೆ ನಿಂತರೆ ಸೀಲರ್ ಇನ್ನೂ ಇದೆ. ನೀರು ಹೀರಿಕೊಂಡು ನೆಲ ಕಪ್ಪಾದರೆ ಚೆನ್ನಾಗಿ ತೊಳೆದು, ಒಣಗಿಸಿ, ಇನ್ನೊಂದು ತೆಳು ಕೋಟ್ ಹಾಕಿ. ಆಗಲೂ ತಗ್ಗುಗಳಿಗೆ ಬ್ರಷ್ ಆಡಿಸುವುದನ್ನು ಮರೆಯಬೇಡಿ.